ಮನೆಯ ಮುಂದಿನ ಅಂಗಡಿ: ಇಂಡೋನೇಷ್ಯಾದ ವಾರುಂಗ್
(ಬೆಳ್ಳಿಹಬ್ಬದ ದಿನ ಮಾಡಿದ ಭಾಷಣ)



ಸಂಘದ ಗುಣಗಾನ ಮಾಡೋದಕ್ಕೆ ವೇದಿಕೆ ಮೇಲೆ ಬೇಕಾದಷ್ಟು ಜನ ಇದ್ದಾರೆ. ನಾವು ತಮ್ಮನ್ನು ಸ್ವಲ್ಪ ದೂರ, ಇಂಡೋನೇಷ್ಯಾಕ್ಕೆ ಕರೆದುಕೊಂಡು ಹೋಗುತ್ತೇವೆ. ಕಣ್ಣಾರೆ ಕಂಡು ಬಂದವರಲ್ಲ ನಾವು. ಓದಿ, ಕೇಳಿ ತಿಳಿದದ್ದು. ಸಂಘದಿಂದ ಕಿರಾಣಿ ಅಂಗಡಿ ತೆರೆಯುವ ವಿಷಯ ಮುಂದಿನ ಸರ್ವಸದಸ್ಯರ ಸಭೆಗೆ ಬರುತ್ತದಂತೆ. ಆ ಕಾರಣಕ್ಕೇ ಈ ಮಾತು.

ಆ ದೇಶದಲ್ಲಿ ಗಂಡ, ಹೆಂಡತಿ, ಮಕ್ಕಳು ಸೇರಿ ಮನೆಯ ಮುಂಭಾಗದಲ್ಲೋ ರಸ್ತೆ ಬದಿಯಲ್ಲೋ ನಡೆಸುವ ಅಂಗಡಿಗೂ, ಊಟದ ಮನೆಗೂ, ಕಾಫಿ ಅಂಗಡಿಗೂ 'ವಾರುಂಗ್' ಎಂದೇ ಹೆಸರು. ಅಕ್ಕಿ, ಎಣ್ಣೆ, ಒಂದು ಸಲಕ್ಕಾಗುವ ಶಾಂಪೂ ಪ್ಯಾಕೆಟ್ಟು, ಬಿಡಿ ಸಿಗರೇಟು, ಸೀಸೆಯಲ್ಲಿ ತುಂಬಿಟ್ಟ ಪೆಟ್ರೋಲು. ಕೂಲಿಯವನ ಕೈಲಿ ಎಷ್ಟು ಕಾಸಿದೆಯೋ ಅಷ್ಟಕ್ಕೆ ಸಾಮಾನು. ಕಾಸಿಲ್ಲದ ದಿನ ಪುಸ್ತಕದಲ್ಲಿ ಬರೆಸಿ ಒಯ್ಯುವುದು. ಯಾರ ಮನೆಗೆ ಯಾವತ್ತು ದುಡ್ಡು ಬರುತ್ತೆ ಅಂತ ಅಂಗಡಿಯಮ್ಮನಿಗೆ ಗೊತ್ತಿರುತ್ತೆ. ಹಾಗಂತ ಉದ್ರಿ ಮಿತಿಮೀರಿದರೆ ಬಂಡವಾಳವೇ ಮುಳುಗಿತು. ಅದಕ್ಕೇ ಅಲ್ಲಿಯೂ ಒಂದು ಬೋರ್ಡು ಕಾಣುತ್ತದೆ: ಇವತ್ತು ದುಡ್ಡು ಕೊಡಿ, ನಾಳೆ ಸಾಲ ಉಂಟು. ನಮ್ಮ 'ಇಂದು ನಗದು, ನಾಳೆ ಉದ್ರಿ'ಯ ಒಡಹುಟ್ಟು! ಲಾಭಕ್ಕೆ ಅವರು 'ಲಾಬಾ' ಅನ್ನುತ್ತಾರೆ. ಕುಟುಂಬಕ್ಕೆ 'ಕೆಲುವಾರ್ಗ', ಕುಲ, ವರ್ಗ ಎರಡೂ ಸೇರಿ ಆದ ಪದ.

ಜಾವಾದ ಉತ್ತರ ಕರಾವಳಿಯ ತೆಗಲ್ ಕಡೆಯವರು ಜಕಾರ್ತಾದಲ್ಲಿ ನಡೆಸುವ ಊಟದಂಗಡಿಗೆ 'ವಾರ್ತೆಗ್' ಎನ್ನುತ್ತಾರೆ. ಗಾಜಿನ ಪೆಟ್ಟಿಗೆಯಲ್ಲಿಟ್ಟ ಅಡುಗೆಗೆ ಬೆರಳು ತೋರಿಸಿದರೆ ಅನ್ನದ ಮೇಲೆ ಬಡಿಸುತ್ತಾರೆ. ಇವುಗಳಲ್ಲಿ ಎಷ್ಟೋ ಅಂಗಡಿಗಳನ್ನು ಎರಡು ಕುಟುಂಬಗಳು ಸರದಿಯ ಮೇಲೆ ನಡೆಸುತ್ತವೆ. ಮೂರ್ನಾಲ್ಕು ತಿಂಗಳು ಇವರು. ಆಮೇಲೆ ಇವರು ಊರಿಗೆ, ಅವರು ಅಂಗಡಿಗೆ. ಅಣ್ಣತಮ್ಮಂದಿರು ಒಂದೇ ಬಾವಿಯ ನೀರನ್ನು ಸರದಿಯಲ್ಲಿ ಹಾಯಿಸಿಕೊಂಡ ಹಾಗೆ. ಪಶ್ಚಿಮ ಸುಮಾತ್ರದ ಮಿನಾಂಗ್‌ಕಬಾವ್ ಜನರದು ಇನ್ನೊಂದು ಬಗೆ. ಅವರ ಪಡಾಂಗ್ ಊಟದ ಮನೆಗಳಲ್ಲಿ 'ಮಾತೊ' ಎಂಬ ಪದ್ಧತಿಯುಂಟು. ಗೊತ್ತಾದ ಸಂಬಳದ ಬದಲು ಬಂದ ಲಾಭವನ್ನು ಕೆಲಸಕ್ಕೆ ತಕ್ಕ ಅಂಕದ ಮೇಲೆ ಹಂಚುವುದು. ಅಡುಗೆಯವನಿಗೂ ಪಾಲು, ತಟ್ಟೆ ತೊಳೆಯುವವನಿಗೂ ಪಾಲು. ಬೈಲಾ ಇಲ್ಲದ ಸಹಕಾರ ಸಂಘ ಅಂದರೆ ತಪ್ಪಾದೀತೆ?

ಅದೇ ಮಿನಾಂಗ್‌ಕಬಾವ್ ನಾಡಿನವರು ಮೊದಲ ಉಪರಾಷ್ಟ್ರಪತಿ ಮೊಹಮ್ಮದ್ ಹತ್ತಾ. ಅಲ್ಲಿನ ಸಹಕಾರದ ಪಿತಾಮಹ ಎಂದು ಅವರನ್ನು ಕರೆಯುತ್ತಾರೆ. ದೇಶದ ಆರ್ಥಿಕತೆ ಕುಟುಂಬದ ತತ್ವದ ಮೇಲೆ ಎಲ್ಲರ ಕೂಡು ಪ್ರಯತ್ನವಾಗಿ ನಡೆಯಬೇಕು ಎಂದು 1945ರ ಸಂವಿಧಾನದ 33ನೇ ವಿಧಿಯಲ್ಲಿದೆ. ಮಾತು ಚೆನ್ನಾಗಿದೆ. ನಡೆದದ್ದು ಬೇರೆ. ಸುಹಾರ್ತೊ ಕಾಲದಲ್ಲಿ, 1970ರ ದಶಕದಿಂದ, ಸರ್ಕಾರವೇ ಮೇಲಿನಿಂದ ಹಳ್ಳಿ ಹಳ್ಳಿಗೂ ಕೆ.ಯು.ಡಿ. ಎಂಬ ಸಂಘ ಇಳಿಸಿತು. ಆ ಮೂರು ಅಕ್ಷರಕ್ಕೆ ಜನ ಕಟ್ಟಿದ ಅರ್ಥ, 'ಮೊದಲು ಅಧ್ಯಕ್ಷರಿಗೆ ಲಾಭ'. ನಮ್ಮ ಅಧ್ಯಕ್ಷರು ಬೇಜಾರು ಮಾಡ್ಕೋಬಾರದು, ಇದು ಅಲ್ಲಿಯ ಮಾತು!

ಇತ್ತ ವಾರುಂಗ್‌ಗೂ ನೆಮ್ಮದಿಯಿಲ್ಲ. 1988ರಲ್ಲಿ ಶುರುವಾದ ಇಂದೊಮಾರೆತ್, ಅದರ ಹಿಂದೆ ಬಂದ ಆಲ್ಫಾಮಾರ್ತ್, ಇವೆರಡರ ಮಳಿಗೆಗಳೇ ಈಗ 40,000 ದಾಟಿವೆ. ತಣ್ಣನೆ ಗಾಳಿ, ಚೀಟಿ ಅಂಟಿಸಿದ ಬೆಲೆ. ಉದ್ರಿ ಮಾತ್ರ ಇಲ್ಲ. ಮದುರಾ ದ್ವೀಪದವರ ಅಂಗಡಿಗಳು ಹಗಲು ರಾತ್ರಿ ಬಾಗಿಲು ತೆರೆದು ಪೈಪೋಟಿ ಕೊಡುತ್ತಿವೆ. ಪ್ರಳಯದ ದಿನವೂ ಅರ್ಧ ದಿನ ವ್ಯಾಪಾರ ಮಾಡ್ತಾರೆ ಅಂತ ಜನ ತಮಾಷೆ ಮಾಡುತ್ತಾರೆ.

2025ರ ಜುಲೈ 21ರಂದು ಅಧ್ಯಕ್ಷ ಪ್ರಬೊವೊ ಸುಬಿಯಾಂತೊ ಅವರು 80,000ಕ್ಕೂ ಹೆಚ್ಚು ಗ್ರಾಮ ಸಹಕಾರ ಸಂಘಗಳನ್ನು ಒಟ್ಟಿಗೇ ಉದ್ಘಾಟಿಸಿದರು. ದಿನಸಿ ಮಾರಾಟ, ಔಷಧಿ ಅಂಗಡಿ, ಗೋದಾಮು ಎಲ್ಲ ಯೋಜನೆಯಲ್ಲಿದೆ. ಈ ಸಂಘ ವಾರುಂಗ್‌ಗೆ ಸಗಟು ದರದಲ್ಲಿ ಸರಕು ಕೊಡುತ್ತದೋ, ಎದುರಿಗೇ ಅಂಗಡಿ ಹಾಕಿ ಗಿರಾಕಿಗಳನ್ನು ಸೆಳೆಯುತ್ತದೋ?

ನಮ್ಮೂರ ಸಣ್ಣ ಅಂಗಡಿಯವರೂ, ಹೋಟೆಲಿನವರೂ ಈ ಸಂಘದ ಷೇರುದಾರರೇ. ಠರಾವು ಓದುವ ಮುಂಚೆ ಅವರನ್ನು ಒಂದು ಸಲ ಕರೆದು ಕೂರಿಸಿ, ಅವರ ಉದ್ರಿ ಪುಸ್ತಕವನ್ನೂ ತರೋಕೆ ಹೇಳಿ. ಆಚೆ ಎಲೆ ಹಾಕಿದ್ದಾರಂತೆ.