ಅರ್ಜಿ ಕೇಳದ ಪ್ರಶ್ನೆ



ನನಗೆ ಕೊಟ್ಟ ವಿಷಯ ಪಿಯುಸಿ ನಂತರದ ವಿಶ್ವವಿದ್ಯಾಲಯ ಪ್ರವೇಶ. ಈ ವಿಷಯದ ಮೇಲೆ ಮಾತನಾಡುವವರು ಸಾಮಾನ್ಯವಾಗಿ ಕೋರ್ಸುಗಳ ಪಟ್ಟಿ ಓದುತ್ತಾರೆ. ಆ ಪಟ್ಟಿ ಈಗ ಎಲ್ಲರ ಮೊಬೈಲಿನಲ್ಲೂ ಸಿಗುತ್ತದೆ. ನಾನು ಹೇಳಬೇಕೆಂದಿರುವುದು ಎರಡೇ ಮಾತು. ಒಂದು, ಅರ್ಜಿ ಕೇಳುವ ಕಾಗದಪತ್ರಗಳ ವಿಷಯ. ಎರಡನೆಯದು, ಅರ್ಜಿ ಕೇಳದಿದ್ದರೂ ನಾವು ಉತ್ತರಿಸಲೇಬೇಕಾದ ಒಂದು ಪ್ರಶ್ನೆಯ ವಿಷಯ.

ಮೊದಲು ಬೇರೊಂದು ದೇಶದ ಪದ್ಧತಿಯನ್ನು ಸ್ವಲ್ಪ ನೋಡೋಣ. ಬ್ರಿಟನ್ನಿನಲ್ಲಿ ಶಾಲೆ ಮುಗಿಸುವ ಮಕ್ಕಳು ವಿಶ್ವವಿದ್ಯಾಲಯಗಳಿಗೆ ಒಂದೊಂದಾಗಿ ಅಲೆಯುವುದಿಲ್ಲ. ‘ಯುಕಾಸ್’ ಎಂಬ ಒಂದೇ ಸಂಸ್ಥೆಯ ಮೂಲಕ ಅರ್ಜಿ ಹಾಕುತ್ತಾರೆ. 1993ರಿಂದ ಈ ವ್ಯವಸ್ಥೆ ನಡೆದಿದೆ. ಒಂದು ಅರ್ಜಿಯಲ್ಲಿ ಐದು ಆಯ್ಕೆಗಳವರೆಗೆ ಕೊಡಬಹುದು. ಹೆಚ್ಚಿನ ಕೋರ್ಸುಗಳಿಗೆ ಅರ್ಜಿಯ ಗಡುವು ಜನವರಿ ತಿಂಗಳು. ಅಂತಿಮ ಪರೀಕ್ಷೆ ನಡೆಯುವುದು ಮೇ-ಜೂನ್‌ನಲ್ಲಿ, ಇಂಗ್ಲೆಂಡಿನಲ್ಲಿ ಫಲಿತಾಂಶ ಬರುವುದು ಆಗಸ್ಟ್‌ನಲ್ಲಿ. ಅಂದರೆ ಪರೀಕ್ಷೆಗಿಂತ ಮೊದಲೇ ಅರ್ಜಿ ಹೋಗಿರುತ್ತದೆ. ಈ ವಿದ್ಯಾರ್ಥಿಗೆ ಎಷ್ಟು ಅಂಕ ಬರಬಹುದು, ಇವನ ಓದು ಹೇಗಿದೆ ಎಂದು ಶಾಲೆಯ ಶಿಕ್ಷಕರೇ ಬರೆದು ಕಳಿಸುತ್ತಾರೆ. ಅದನ್ನು ನೋಡಿ ವಿಶ್ವವಿದ್ಯಾಲಯವು, ಇಷ್ಟು ಅಂಕ ಬಂದರೆ ಸೀಟು ನಿಮ್ಮದು ಎಂದು ಷರತ್ತಿನ ಮೇಲೆ ಒಪ್ಪಿಗೆ ಕೊಡುತ್ತದೆ.

ಆ ಅರ್ಜಿಯಲ್ಲಿ ವಿದ್ಯಾರ್ಥಿ ತನ್ನ ಬಗ್ಗೆ ತಾನೇ ಬರೆಯಬೇಕಾದ ಭಾಗವೊಂದಿದೆ. ಮೊದಲು ಅದು ಒಂದೇ ಪ್ರಬಂಧವಾಗಿತ್ತು. 2026ರ ಪ್ರವೇಶದಿಂದ ಅದನ್ನು ಮೂರು ಪ್ರಶ್ನೆಗಳಾಗಿ ಮಾಡಿದ್ದಾರೆ. ಈ ವಿಷಯವನ್ನೇ ಏಕೆ ಓದಬೇಕೆಂದಿರುವಿರಿ? ಇದುವರೆಗಿನ ಓದು ನಿಮ್ಮನ್ನು ಇದಕ್ಕೆ ಹೇಗೆ ಸಿದ್ಧಗೊಳಿಸಿದೆ? ತರಗತಿಯ ಹೊರಗೆ ಇದಕ್ಕಾಗಿ ಏನು ಮಾಡಿದ್ದೀರಿ? ಮೂರಕ್ಕೂ ಸೇರಿ ನಾಲ್ಕು ಸಾವಿರ ಅಕ್ಷರಗಳೊಳಗೆ ಉತ್ತರ ಬರೆಯಬೇಕು.

ಸುಂಕಸಾಳದ ಮಕ್ಕಳೆಲ್ಲ ಲಂಡನ್ನಿಗೆ ಹೋಗಬೇಕೆಂದು ನಾನು ಇದನ್ನು ಹೇಳುತ್ತಿಲ್ಲ. ನಮ್ಮ ಅರ್ಜಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಸಿಇಟಿ ಅರ್ಜಿ ನಮ್ಮನ್ನು ಕೇಳುವುದು ಸ್ಯಾಟ್ಸ್ ಸಂಖ್ಯೆ, ಆಧಾರ್, ಜಾತಿ-ಆದಾಯ ಪ್ರಮಾಣಪತ್ರದ ಆರ್.ಡಿ. ಸಂಖ್ಯೆ, ಗ್ರಾಮೀಣ ವ್ಯಾಸಂಗದ ವಿವರ ಇವುಗಳನ್ನು. ಬಿ.ಎ., ಬಿ.ಕಾಂ., ಬಿ.ಎಸ್ಸಿ.ಗೆ 2021ರಿಂದ ಬಂದಿರುವ ಯುಯುಸಿಎಂಎಸ್ ಜಾಲತಾಣ ಕೇಳುವುದೂ ಇಂಥವನ್ನೇ. ‘ಏಕೆ?’ ಎಂದು ಯಾವ ಅರ್ಜಿಯೂ ಕೇಳುವುದಿಲ್ಲ. ಇದು ಅರ್ಜಿಯ ದೋಷವೆಂದು ನಾನು ಹೇಳಲಾರೆ. ಲಕ್ಷಗಟ್ಟಲೆ ಮಕ್ಕಳಿಗೆ ರ‍್ಯಾಂಕಿನ ಮೇಲೆ ಸೀಟು ಹಂಚುವಾಗ ಪ್ರಬಂಧ ಓದುತ್ತ ಕೂರಲಾಗದು. ಶಿಫಾರಸಿಗೆ ಅಲ್ಲಿ ಜಾಗವಿಲ್ಲದಿರುವುದು ಬಡವರ ಮಕ್ಕಳಿಗೆ ಒಂದು ರಕ್ಷಣೆಯೂ ಹೌದು. ಆದರೆ ಅರ್ಜಿ ಕೇಳುವುದಿಲ್ಲವೆಂದು ಮನೆಯಲ್ಲೂ ಯಾರೂ ಕೇಳದೆ ಹೋದರೆ, ಹದಿನೆಂಟು ವರ್ಷದ ಮಗು ಏಕೆಂದು ತಿಳಿಯದೆ ಮೂರು-ನಾಲ್ಕು ವರ್ಷ ಓದಬೇಕಾಗುತ್ತದೆ.

ಈಗ ಕಾಗದಪತ್ರಗಳಿಗೆ ಬರುತ್ತೇನೆ. ಪಾಲಕರು ದಯವಿಟ್ಟು ಗಮನವಿಟ್ಟು ಕೇಳಬೇಕು.

ನನ್ನ ಬಳಿ ಕಲಿತ ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ಅವಳ ಅಂಕಗಳಿಗೆ ಏನೂ ಕೊರತೆಯಿರಲಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅವಳ ಹೆಸರಿನ ಜೊತೆ ‘ಶೇಖ’ ಎಂದಿತ್ತು, ಆಧಾರ್‌ನಲ್ಲಿ ‘ಶೇಕ್’ ಎಂದಿತ್ತು, ಜಾತಿ-ಆದಾಯ ಪ್ರಮಾಣಪತ್ರದಲ್ಲಿ ಆ ಪದವೇ ಇರಲಿಲ್ಲ. ಅರ್ಜಿ ತುಂಬುವ ಕೊನೆಯ ವಾರದಲ್ಲಿ ಇದು ಕಣ್ಣಿಗೆ ಬಿತ್ತು. ತಿದ್ದಿಸಲು ಸಮಯ ಸಾಲಲಿಲ್ಲ. ಪ್ರಮಾಣಪತ್ರ ಹೊಂದಾಣಿಕೆಯಾಗದಿದ್ದರೆ ಅಭ್ಯರ್ಥಿಯನ್ನು ಸಾಮಾನ್ಯ ವರ್ಗದಲ್ಲೇ ಪರಿಗಣಿಸುತ್ತಾರೆ. ಅವಳಿಗೂ ಹಾಗೆಯೇ ಆಯಿತು, ಬಯಸಿದ ಸೀಟು ಕೈತಪ್ಪಿತು. ಎರಡು ವರ್ಷ ರಾತ್ರಿ ಹಗಲೆನ್ನದೆ ಓದಿದ ಮಗು ಸೋತದ್ದು ಪರೀಕ್ಷೆಯಲ್ಲಲ್ಲ, ಒಂದು ಅಕ್ಷರದಲ್ಲಿ.

ನಮ್ಮ ಹೆಸರುಗಳು ಉರ್ದುವಿನಲ್ಲಿ ಒಂದೇ ರೀತಿ ಇದ್ದರೂ ಕನ್ನಡಕ್ಕೆ, ಇಂಗ್ಲಿಷಿಗೆ ಬರುವಾಗ ಬರೆದವರ ಕೈಗೆ ತಕ್ಕಂತೆ ಬದಲಾಗುತ್ತವೆ. ಆದ್ದರಿಂದ ಒಂದು ನಿಯಮ ಇಟ್ಟುಕೊಳ್ಳಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವುದೇ ಹೆಸರು. ಉಳಿದ ಎಲ್ಲ ಕಾಗದಗಳೂ ಅದನ್ನೇ ಅನುಸರಿಸಬೇಕು. ಮಗು ಇನ್ನೂ ಎಂಟು-ಒಂಬತ್ತನೆಯ ತರಗತಿಯಲ್ಲಿದ್ದರೆ ಶಾಲೆಯ ದಾಖಲೆಯಲ್ಲಿ ಹೆಸರು ಹೇಗಿದೆ ಎಂದು ಇಂದೇ ಹೋಗಿ ನೋಡಿ. ಬೋರ್ಡಿನ ಅಂಕಪಟ್ಟಿ ಬಂದ ಮೇಲೆ ತಿದ್ದಿಸುವುದು ದೀರ್ಘ ದಾರಿ.

ಮೀಸಲಾತಿಯ ಬಗ್ಗೆಯೂ ಗೊಂದಲವಿದೆ. 2ಬಿ ಪ್ರವರ್ಗದ ಶೇ. 4 ಮೀಸಲಾತಿಯನ್ನು ರದ್ದುಪಡಿಸುವ ಆದೇಶ 2023ರ ಮಾರ್ಚ್‌ನಲ್ಲಿ ಹೊರಬಿದ್ದಿತ್ತು. ವಿಷಯ ಸುಪ್ರೀಂ ಕೋರ್ಟಿಗೆ ಹೋದ ಮೇಲೆ ಅದು ಜಾರಿಗೆ ಬರದೆ, 2ಬಿ ಮುಂದುವರಿದಿದೆ. ಅದು ಹೋಗಿಬಿಟ್ಟಿದೆ ಎಂದುಕೊಂಡು ಪ್ರಮಾಣಪತ್ರ ಮಾಡಿಸದೆ ಕೂತವರನ್ನು ನಾನು ನೋಡಿದ್ದೇನೆ. ನದಾಫ, ಪಿಂಜಾರ ಮುಂತಾದವರು ಪ್ರವರ್ಗ-1ರಲ್ಲಿ ಬರುತ್ತಾರೆ. ತಮ್ಮದು ಯಾವುದೆಂದು ನಾಡಕಚೇರಿಯಲ್ಲಿ ವಿಚಾರಿಸಿ, ಅವಧಿ ಮೀರಿದ್ದರೆ ಹೊಸದಾಗಿ ಮಾಡಿಸಿಕೊಳ್ಳಿ.

ಹಳ್ಳಿಯ ಮಕ್ಕಳಿಗೆ ಇನ್ನೊಂದು ಸೌಲಭ್ಯವಿದೆ. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಸಿಇಟಿ ಸೀಟುಗಳಲ್ಲಿ ಶೇ. 15, ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲು. ನಾಲ್ಕು ವರ್ಷ ಇಲ್ಲಿ, ಆರು ವರ್ಷ ಅಜ್ಜಿಯ ಮನೆಯಲ್ಲಿದ್ದು ಪಟ್ಟಣದಲ್ಲಿ ಎಂದು ಓದಿದವರು ತಮ್ಮ ವ್ಯಾಸಂಗದ ವಿವರವನ್ನು ಮೊದಲೇ ಪರೀಕ್ಷಿಸಿಕೊಳ್ಳಬೇಕು.

ಗಂಗಾವಳಿ ದಂಡೆಯಲ್ಲಿರುವ ನಮಗೆ ಇನ್ನೊಂದು ಭಯವೂ ಇದೆ. 2019 ಮತ್ತು 2021ರ ನೆರೆಯನ್ನು ಮರೆತವರು ಇಲ್ಲಿ ಯಾರೂ ಇಲ್ಲ. ನೀರು ನುಗ್ಗಿದ ಮನೆಯಲ್ಲಿ ಪಾತ್ರೆ ಉಳಿಯಬಹುದು, ಕಾಗದ ಉಳಿಯುವುದಿಲ್ಲ. ಎಸ್ಸೆಸ್ಸೆಲ್ಸಿ, ಪಿಯು ಅಂಕಪಟ್ಟಿಗಳು ಡಿಜಿಲಾಕರ್‌ನಲ್ಲಿ ಸಿಗುತ್ತವೆ. ಇಳಿಸಿಕೊಂಡು ಇಟ್ಟಿರಿ. ಮೂಲಪ್ರತಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮೇಲಿನ ಅಟ್ಟಕ್ಕೆ ಸೇರಿಸಿ.

“ಮಾಸ್ತರೇ, ಮೊದಲು ಪಾಸಾಗಲಿ, ಅರ್ಜಿ ಆಮೇಲೆ ನೋಡುವಾ” ಎನ್ನುವ ಪಾಲಕರಿದ್ದಾರೆ. ಆಮೇಲೆ ನೋಡುವ ಕಾಲ ಈಗ ಉಳಿದಿಲ್ಲ. ಸಿಇಟಿ ಅರ್ಜಿ ದ್ವಿತೀಯ ಪಿಯು ಪರೀಕ್ಷೆಗೆ ಮೊದಲೇ ಕರೆಯುತ್ತಾರೆ. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ 2022ರಿಂದ ನಡೆಯುತ್ತಿರುವ ಸಿಯುಇಟಿ ಅರ್ಜಿಯೂ ಹಾಗೆಯೇ. ಆ ಪರೀಕ್ಷೆಯನ್ನು ಹದಿಮೂರು ಭಾಷೆಗಳಲ್ಲಿ ಬರೆಯಬಹುದು, ಅವುಗಳಲ್ಲಿ ಕನ್ನಡವೂ ಇದೆ, ಉರ್ದುವೂ ಇದೆ. ಕಲಬುರಗಿ ಜಿಲ್ಲೆಯಲ್ಲಿರುವ ನಮ್ಮ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ಪ್ರವೇಶಕ್ಕೂ ಇದೇ ದಾರಿ. ಇಂಗ್ಲಿಷ್ ಬಾರದೆಂದು ಹಿಂಜರಿಯುವ ಮಕ್ಕಳು ಇದನ್ನು ತಿಳಿದಿರಬೇಕು. ಶಾಲೆಯಲ್ಲಿ ಉರ್ದು ಓದಿದವರಿಗೆ ಹೈದರಾಬಾದಿನಲ್ಲಿ 1998ರಲ್ಲಿ ಸ್ಥಾಪನೆಯಾದ ಮೌಲಾನಾ ಆಜಾದ್ ರಾಷ್ಟ್ರೀಯ ಉರ್ದು ವಿಶ್ವವಿದ್ಯಾಲಯದ ಬಾಗಿಲೂ ತೆರೆದಿದೆ. ಅದರ ಶಿಕ್ಷಕ ಶಿಕ್ಷಣ ಕಾಲೇಜು ಬೀದರಿನಲ್ಲಿ, ಪಾಲಿಟೆಕ್ನಿಕ್ ಬೆಂಗಳೂರಿನಲ್ಲಿ ಇವೆ.

ಇನ್ನು ಆಯ್ಕೆಯ ಕ್ರಮ. ಸಿಇಟಿ ರ‍್ಯಾಂಕ್ ಬಂದ ಮೇಲೆ ಕಾಲೇಜು ಮತ್ತು ಕೋರ್ಸುಗಳನ್ನು ಆದ್ಯತೆಯ ಕ್ರಮದಲ್ಲಿ ನಮೂದಿಸಬೇಕು. ಗಣಕಯಂತ್ರವು ನಿಮ್ಮ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತ ಬರುತ್ತದೆ. ನಿಮ್ಮ ರ‍್ಯಾಂಕಿಗೆ ಮೊದಲು ಯಾವುದು ಸಿಗುತ್ತದೋ ಅಲ್ಲಿಗೆ ನಿಲ್ಲುತ್ತದೆ, ಅದರ ಕೆಳಗಿನದನ್ನು ನೋಡುವುದಿಲ್ಲ. ‘ಸಿಗುವುದೋ ಇಲ್ಲವೋ’ ಎಂಬ ಅಂಜಿಕೆಯಿಂದ ಸುಲಭದ್ದನ್ನು ಮೊದಲು ಬರೆದರೆ ಅದೇ ಸಿಗುತ್ತದೆ, ಆಸೆಯದ್ದು ಕೆಳಗೇ ಉಳಿಯುತ್ತದೆ. ದೊಡ್ಡದನ್ನು ಮೊದಲು ಬರೆದದ್ದಕ್ಕೆ ದಂಡವೇನೂ ಇಲ್ಲ. ಹಾಗಾಗಿ ನಿಜವಾಗಿ ಬೇಕಾದದ್ದನ್ನೇ ಮೊದಲು ಬರೆಯಿರಿ. ಮೊದಲು ಅಣಕು ಸೀಟು ಹಂಚಿಕೆ ಪ್ರಕಟವಾಗುತ್ತದೆ, ಅದನ್ನು ನೋಡಿ ಪಟ್ಟಿಯನ್ನು ಬದಲಿಸಲು ಅವಕಾಶವಿದೆ. ಸೀಟು ಸಿಕ್ಕ ಮೇಲೆ ನಾಲ್ಕು ದಾರಿಗಳು: ಒಪ್ಪಿ ಸೇರುವುದು, ಇದನ್ನು ಇಟ್ಟುಕೊಂಡೇ ಇನ್ನೂ ಮೇಲಿನ ಆಯ್ಕೆಗೆ ಕಾಯುವುದು, ಇದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ಪೂರ್ತಿ ಹೊರಬರುವುದು. ಸೈಬರ್ ಅಂಗಡಿಯವರು ಯಾವುದನ್ನು ಒತ್ತಿದರು ಎಂಬುದು ನಿಮಗೆ ಗೊತ್ತಿರಬೇಕು. ಗುಂಡಿ ಒತ್ತುವ ಕೈ ಅವರದ್ದಾದರೂ ಬದುಕು ನಿಮ್ಮದು.

ಪಟ್ಟಿಯ ಮೊದಲ ಸಾಲಿನಲ್ಲಿ ಏನು ಬರೆಯಬೇಕು? ಇಲ್ಲಿಗೆ ಬಂದಾಗ ಅರ್ಜಿ ಕೇಳದ ಆ ಪ್ರಶ್ನೆ ಎದುರು ನಿಲ್ಲುತ್ತದೆ. ಅದಕ್ಕೆ ಉತ್ತರವಿಲ್ಲದವರು ನೆರೆಮನೆಯ ಹುಡುಗ ಬರೆದದ್ದನ್ನೇ ಬರೆಯುತ್ತಾರೆ. ಹುಡುಗಿಯಾದರೆ ಹತ್ತಿರದ ಕಾಲೇಜನ್ನು ಬರೆಸುತ್ತಾರೆ.

ಹತ್ತಿರದ ಕಾಲೇಜೆಂದರೆ ಕೀಳೆಂದು ನಾನು ಹೇಳುತ್ತಿಲ್ಲ. ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿದರು. ಆ ಟ್ರಸ್ಟಿನ ಗೋಖಲೆ ಸೆಂಟಿನರಿ ಕಾಲೇಜು 1966ರಲ್ಲಿ ಅಂಕೋಲೆಯಲ್ಲಿ ಆರಂಭವಾಯಿತು. ಘಟ್ಟ ಹತ್ತಿ ಧಾರವಾಡಕ್ಕೆ ಹೋಗಲಾರದ ರೈತರ, ಮೀನುಗಾರರ ಮಕ್ಕಳಿಗೆ ಊರಿನಲ್ಲೇ ಪದವಿ ಸಿಗುವಂತಾಯಿತು. ಭಟ್ಕಳದ ಹಿರಿಯರು 1919ರಲ್ಲೇ ಅಂಜುಮನ್ ಕಟ್ಟಿದರು, ಇಂದು ಅದರ ಅಡಿಯಲ್ಲಿ ಇಂಜಿನಿಯರಿಂಗ್ ಕಾಲೇಜೂ ಇದೆ. ಕಾರವಾರದಲ್ಲಿ ಸರಕಾರಿ ವೈದ್ಯಕೀಯ ಕಾಲೇಜು, ಮಾಜಾಳಿಯಲ್ಲಿ ಸರಕಾರಿ ಇಂಜಿನಿಯರಿಂಗ್ ಕಾಲೇಜು, ಶಿರಸಿಯಲ್ಲಿ ಅರಣ್ಯ ಕಾಲೇಜು ಇವೆ. ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಮುದ್ರ ಜೀವಶಾಸ್ತ್ರ ವಿಭಾಗವಿದೆ. ಕಾಡು, ಕಡಲು ಎರಡನ್ನೂ ಕಂಡು ಬೆಳೆದ ನಮ್ಮ ಮಕ್ಕಳಲ್ಲಿ ಎಷ್ಟು ಜನ ಈ ಕೊನೆಯ ಎರಡರ ಹೆಸರು ಕೇಳಿದ್ದಾರೆ?

ನಮ್ಮೂರಿನ ಹೆದ್ದಾರಿ ಕೆಳಗೆ ಅಂಕೋಲೆಗೂ ಹೋಗುತ್ತದೆ, ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೂ ಹೋಗುತ್ತದೆ. ಯಾವ ಕಡೆಯ ಬಸ್ಸು ಎಂಬುದನ್ನು ದೂರ ನಿರ್ಧರಿಸಬಾರದು, ಓದಬೇಕಾದ ವಿಷಯ ನಿರ್ಧರಿಸಬೇಕು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ರಾಜ್ಯದ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಟಿಕೆಟ್ ಹಣ ಬೇಕಿಲ್ಲ. ಅಲ್ಪಸಂಖ್ಯಾತರ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲುಗಳಿವೆ. ಸಿಇಟಿ, ನೀಟ್ ಮೂಲಕ ಸೀಟು ಪಡೆದವರಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲವಿದೆ. ತಾಯಂದಿರ ಆತಂಕ ನನಗೆ ಅರ್ಥವಾಗುತ್ತದೆ, ಅದನ್ನು ಹಗುರವಾಗಿ ಕಾಣುವುದಿಲ್ಲ. ಒಮ್ಮೆ ಮಗಳ ಜೊತೆ ನೀವೇ ಹೋಗಿ ಹಾಸ್ಟೆಲನ್ನು ಕಣ್ಣಾರೆ ನೋಡಿ, ಆಮೇಲೆ ಬೇಡವೆನ್ನಿ. ನೋಡದೆಯೇ ಬೇಡವೆನ್ನಬೇಡಿ.

ಸಂಸ್ಥೆಯ ಹಿರಿಯರಲ್ಲಿ ನನ್ನದು ಎರಡು ವಿನಂತಿ. ಪ್ರತಿ ವರ್ಷ ನವೆಂಬರಿನಲ್ಲಿ ಒಂದು ಭಾನುವಾರ ಕಾಗದಪತ್ರ ತಪಾಸಣೆಗೆ ಮೀಸಲಿಡೋಣ. ಈಗಾಗಲೇ ಪದವಿ ಓದುತ್ತಿರುವ ನಮ್ಮ ಹುಡುಗ ಹುಡುಗಿಯರೇ ಕೂತು ಪ್ರತಿ ಮಗುವಿನ ಹೆಸರು, ತಂದೆಯ ಹೆಸರು, ಜನ್ಮದಿನಾಂಕಗಳನ್ನು ಮೂರೂ ಕಾಗದಗಳಲ್ಲಿ ತಾಳೆ ನೋಡಲಿ. ಬಹುಮಾನ ವಿತರಣೆಯಷ್ಟೇ ಇದೂ ಮುಖ್ಯ. ಬಹುಮಾನ ಪ್ರಥಮ ಬಂದವರಿಗೆ ಮಾತ್ರ ಸಿಗುತ್ತದೆ, ಇದು ಎಲ್ಲರಿಗೂ ಬೇಕು.

ಎರಡನೆಯ ವಿನಂತಿ ಶಿಕ್ಷಕರಿಗೂ ಮಕ್ಕಳಿಗೂ ಸೇರಿದ್ದು. ಬ್ರಿಟನ್ನಿನ ಅರ್ಜಿಯ ಆ ಮೂರು ಪ್ರಶ್ನೆಗಳಿಗೆ ನಮ್ಮ ಮಕ್ಕಳೂ ಉತ್ತರ ಬರೆಯಲಿ. ಉರ್ದುವಿನಲ್ಲೋ ಕನ್ನಡದಲ್ಲೋ ಒಂದು ಪುಟ ಸಾಕು. ಮಕ್ಕಳೇ, ‘ಡಾಕ್ಟರಾಗಿ ಸಮಾಜಸೇವೆ ಮಾಡುತ್ತೇನೆ’ ಎಂದು ಪ್ರಬಂಧದ ಮಾತು ಬರೆಯಬೇಡಿ. ಯಾವ ಪಾಠ ಓದುವಾಗ ಹೊತ್ತು ಹೋದದ್ದು ತಿಳಿಯಲಿಲ್ಲ, ಯಾವ ಕೆಲಸವನ್ನು ಯಾರೂ ಹೇಳದೆಯೇ ಮಾಡಿದಿರಿ ಎಂಬುದನ್ನು ಬರೆಯಿರಿ. ಬರೆದದ್ದನ್ನು ಮನೆಯಲ್ಲಿ ಅಬ್ಬಾ-ಅಮ್ಮಿಯವರ ಮುಂದೆ ಓದಿ. ಆಮೇಲೆ ನಮ್ಮ ಬಳಿ ತನ್ನಿ, ನಿಮ್ಮ ಮಾತಿಗೆ ಹೊಂದುವ ಕೋರ್ಸನ್ನು ಒಟ್ಟಿಗೆ ಹುಡುಕೋಣ. ಓದಲು ಬಾರದ ಪಾಲಕರೂ ಈ ಪುಟವನ್ನು ಕೇಳಿಸಿಕೊಳ್ಳಬಲ್ಲರು.

ಅಂಕ ಗಳಿಸುವುದು ಮಗುವಿನ ಕೆಲಸ. ಆ ಅಂಕ ಒಂದು ಅಕ್ಷರದ ವ್ಯತ್ಯಾಸದಿಂದ ವ್ಯರ್ಥವಾಗದಂತೆ ನೋಡಿಕೊಳ್ಳುವುದು, ಏಕೆ ಓದುತ್ತೀಯ ಮಗೂ ಎಂದು ಪ್ರೀತಿಯಿಂದ ಕೇಳುವುದು ನಮ್ಮೆಲ್ಲರ ಕೆಲಸ. ಈ ವರ್ಷ ಅರ್ಜಿ ಹಾಕುವ ಎಲ್ಲ ಮಕ್ಕಳಿಗೂ ಅಲ್ಲಾಹನು ಯಶಸ್ಸು ನೀಡಲಿ ಎಂದು ಪ್ರಾರ್ಥಿಸುತ್ತೇನೆ.