ಮೊದಲ ಪಿಸ್ತೂಲು ಯಾವುದು? ತೋಟದ ಮನೆ ಹುಡುಗ ಹುಡುಗಿಯರಿಗೆ 10 ಮೀಟರ್ ಲೆಕ್ಕ

ಇವತ್ತಿನ ಮಾತು ಪಿಸ್ತೂಲಿನ ಬಗ್ಗೆ. ಗಾಬರಿ ಬೇಡ, ಇದು ಕ್ರೈಂ ಎಪಿಸೋಡ್ ಅಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದ ಮೇಲೆ ನಮ್ಮ ಮೂಡಿಗೆರೆ, ಕಳಸ, ಚಿಕ್ಕಮಗಳೂರು ಕಡೆಯ ಹುಡುಗ ಹುಡುಗಿಯರು ಕೇಳೋ ಪ್ರಶ್ನೆ ಒಂದೇ: "ಅಣ್ಣಾ, ಗುರಿ ಹೊಡೆಯೋದು ಕಲೀಬೇಕು. ಮೊದಲು ಯಾವ ಪಿಸ್ತೂಲ್ ತಗೊಳ್ಳಲಿ?"

ನಮ್ಮೂರಲ್ಲಿ ಈ ಪ್ರಶ್ನೆಗೆ ಒಂದು ತೊಡಕಿದೆ. ಬಂದೂಕು ನಮಗೆ ಹೊಸದಲ್ಲ. ಎಷ್ಟೋ ತೋಟದ ಮನೆಗಳಲ್ಲಿ ಕೋವಿ ಇದೆ. ಅಜ್ಜನ ಕಾಲದ ಕೇಪಿನ ಕೋವಿ, ಆಮೇಲೆ ಬಂದ ಜೋಡಿ ನಳಿಗೆಯ ತೋಟಾ ಕೋವಿ, ಬೆಳೆ ರಕ್ಷಣೆಯ ಲೈಸೆನ್ಸು. ಚುನಾವಣೆ ಬಂತು ಅಂದ್ರೆ ಕೋವಿಯನ್ನ ಸ್ಟೇಷನ್‌ಗೆ ಒಪ್ಪಿಸಬೇಕು, ಆ ಹೊತ್ತಲ್ಲಿ ತೋಟಕ್ಕೆ ಹಂದಿ ನುಗ್ಗಿದ್ರೆ ಏನು ಗತಿ ಅನ್ನೋ ಬೆಳೆಗಾರರ ತಕರಾರು ಕೇಳ್ಕೊಂಡೇ ನಾವು ಬೆಳೆದವರು. ಹಾಗಾಗಿ ಸದ್ದು ಜೋರಾದಷ್ಟೂ ಬಂದೂಕು ಒಳ್ಳೇದು ಅಂತ ಮನಸ್ಸಲ್ಲಿ ಕೂತುಬಿಟ್ಟಿರುತ್ತೆ. ಕೋವಿಯ ಕೆಲಸಕ್ಕೆ ಅದು ಸರಿ ಇರಬಹುದು. ಗುರಿ ಪಿಸ್ತೂಲಿನ ಕೆಲಸ ಬೇರೆ. ನಿಮ್ಮ ಕೈ, ಕಣ್ಣು, ಬೆರಳು ಎಲ್ಲಿ ತಪ್ಪಿದವು ಅಂತ ನಿಮಗೆ ಹೇಳೋದು ಅದರ ಕೆಲಸ. ಯಾವ ಪಿಸ್ತೂಲು ನಿಮ್ಮ ತಪ್ಪನ್ನ ಮುಚ್ಚಿಡದೆ ತೋರಿಸುತ್ತೋ ಅದೇ ನಿಮ್ಮ ಮೊದಲ ಪಿಸ್ತೂಲು.

ಮೊದಲು ಕಾನೂನು ಮುಗಿಸಿಬಿಡೋಣ. ಕೊಡಗಿನಲ್ಲಿ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ವಿನಾಯಿತಿ ಇದೆ. ಅದನ್ನ ನೋಡಿ ನಮಗೂ ಇದೆ ಅಂದ್ಕೋಬೇಡಿ, ಚಿಕ್ಕಮಗಳೂರು ಜಿಲ್ಲೆಗೆ ಅದು ಅನ್ವಯಿಸಲ್ಲ. ಮದ್ದುಗುಂಡು ಹಾಕೋ ಯಾವುದೇ ಪಿಸ್ತೂಲು, ರಿವಾಲ್ವರಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಲೈಸೆನ್ಸ್ ಬೇಕು. ವಯಸ್ಸು 21 ತುಂಬಿರಬೇಕು, ಪೊಲೀಸ್ ವರದಿ ಆಗಬೇಕು. ಅಪ್ಪನ ಹೆಸರಲ್ಲಿ ಬೆಳೆ ರಕ್ಷಣೆ ಲೈಸೆನ್ಸ್ ಇದೆ ಅಂದ್ರೆ ಅದು ಅಪ್ಪನಿಗೆ, ಆ ಕೋವಿಗೆ ಮಾತ್ರ. ಇನ್ನು ಲೈಸೆನ್ಸ್ ಇಲ್ಲದ ನಾಡ ಪಿಸ್ತೂಲನ್ನ ಯಾರಾದ್ರೂ "ಕಡಿಮೆ ರೇಟಿಗೆ ಕೊಡಿಸ್ತೀನಿ" ಅಂದ್ರೆ ಅಲ್ಲಿಂದ ಎದ್ದು ಬನ್ನಿ. ಅದು ಜೈಲಿನ ದಾರಿ, ಜೊತೆಗೆ ಕೈಯಲ್ಲೇ ಸಿಡಿಯೋ ಅಪಾಯ.

ಇದಕ್ಕೆ ಹೊರತಾದದ್ದು ಏರ್ ಪಿಸ್ತೂಲು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ .177 ಅಂದ್ರೆ 4.5 ಮಿಲಿಮೀಟರ್ ಬೋರ್ ಮೀರದ, 20 ಜೌಲ್ ಶಕ್ತಿ ಮೀರದ ಏರ್‌ಗನ್ನಿಗೆ ಲೈಸೆನ್ಸ್ ಬೇಡ. ಅಂಗಡಿಯವರು ಗುರುತಿನ ಚೀಟಿ, ವಿಳಾಸದ ದಾಖಲೆ ಕೇಳ್ತಾರೆ, ಕೊಡಿ, ಬಿಲ್ ಜೋಪಾನವಾಗಿ ಇಟ್ಕೊಳ್ಳಿ. ಪಂದ್ಯದ ಏರ್ ಪಿಸ್ತೂಲಿನ ಶಕ್ತಿ ಸುಮಾರು 6 ಜೌಲ್ ಅಷ್ಟೇ.

"ಅಯ್ಯೋ, ಗಾಳಿ ಪಿಸ್ತೂಲಾ? ಅದು ಮಕ್ಕಳಾಟ" ಅಂತೀರಾ? ಮನು ಭಾಕರ್ ಆ ಎರಡು ಪದಕ ಗೆದ್ದದ್ದು ಇದರಲ್ಲೇ. ನಮ್ಮ ಕರ್ನಾಟಕದ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ತಂದದ್ದು 10 ಮೀಟರ್ ಏರ್ ಪಿಸ್ತೂಲಲ್ಲಿ. ಅದರ ಹಿಂದಿನ ವರ್ಷ ಅವರ ಮುಖದ ಒಂದು ಭಾಗಕ್ಕೆ ಪಾರ್ಶ್ವವಾಯು ಬಡಿದಿತ್ತು. ಬೆಂಗಳೂರಿನ ದಿವ್ಯಾ ಟಿ.ಎಸ್. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಬೆಳ್ಳಿ ತಂದ್ರು, ಅದೂ ಏರ್ ಪಿಸ್ತೂಲಲ್ಲೇ.

ಗುರಿ ಎಷ್ಟು ದೊಡ್ಡದು ಗೊತ್ತಾ? 10 ಮೀಟರ್ ದೂರದ ಕಾಗದದಲ್ಲಿ ಹತ್ತು ಅಂಕದ ವೃತ್ತದ ಅಗಲ 11.5 ಮಿಲಿಮೀಟರ್. ಒಂದು ಕಾಫಿ ಹಣ್ಣಿಗಿಂತ ದೊಡ್ಡದೇನಲ್ಲ. ಒಂದೇ ಕೈಯಲ್ಲಿ ಹಿಡಿದು, 75 ನಿಮಿಷದಲ್ಲಿ 60 ಸಲ ಹೊಡೀಬೇಕು. ಇಲ್ಲಿ ಒಂದು ಲೆಕ್ಕ ಹೇಳ್ತೀನಿ. ಹಿಂದಿನ ಸೈಟು ಮತ್ತು ಮುಂದಿನ ಸೈಟಿನ ನಡುವೆ ಸುಮಾರು 34 ಸೆಂಟಿಮೀಟರ್ ಇರುತ್ತೆ. ಕೈ ಪೂರ್ತಿಯಾಗಿ 5 ಮಿಲಿಮೀಟರ್ ಪಕ್ಕಕ್ಕೆ ಅಲುಗಿದ್ರೆ ಗುಂಡೂ ಅಷ್ಟೇ ಪಕ್ಕಕ್ಕೆ ಹೋಗುತ್ತೆ, ಆಗಲೂ ಹತ್ತೇ. ಆದ್ರೆ ಎರಡು ಸೈಟು ಒಂದಕ್ಕೊಂದು ಒಂದೇ ಒಂದು ಮಿಲಿಮೀಟರ್ ತಪ್ಪಿದ್ರೆ ಗುಂಡು ಸುಮಾರು 3 ಸೆಂಟಿಮೀಟರ್ ಆಚೆ. ಹತ್ತರ ಬದಲು ಏಳು! ಅದಕ್ಕೇ ಕೋಚ್‌ಗಳು ಗುರಿ ಮಸುಕಾಗಿ ಕಂಡ್ರೂ ಪರವಾಗಿಲ್ಲ, ಮುಂದಿನ ಸೈಟು ಸ್ಪಷ್ಟವಾಗಿ ಕಾಣಲಿ ಅನ್ನೋದು.

ಹಾಗಾದ್ರೆ .32 ರಿವಾಲ್ವರ್ ತಗೊಂಡು ಶುರು ಮಾಡಿದ್ರೆ? ಅದು ಆತ್ಮರಕ್ಷಣೆಗೆ ಮಾಡಿದ್ದು. ನಳಿಗೆ ಗಿಡ್ಡ, ಸೈಟುಗಳ ಅಂತರ ಕಡಿಮೆ, ಸದ್ದು ಮತ್ತು ಒದೆತಕ್ಕೆ ಕಣ್ಣು ಮುಚ್ಚೋ ಅಭ್ಯಾಸ ಬೇಗ ಬರುತ್ತೆ. ತೋಟಾ ದುಬಾರಿ, ಎಷ್ಟು ಕೊಳ್ಳಬಹುದು ಅನ್ನೋದಕ್ಕೂ ಮಿತಿ ಇದೆ. ಕಲಿಯೋ ಕೈಗೆ ದಿನಕ್ಕೆ ಐವತ್ತು ಅರವತ್ತು ಗುಂಡಾದ್ರೂ ಬೇಕು. ಏರ್ ಪಿಸ್ತೂಲಿನ ಪೆಲೆಟ್ ಆದ್ರೆ ಒಂದು ಡಬ್ಬಿಯಲ್ಲಿ ಐನೂರು. ನಿಜವಾದ .22 ಪಿಸ್ತೂಲು ಬೇಕು ಅನ್ನೋರು ಎರಡು ಮೂರು ವರ್ಷ ಏರ್ ಪಿಸ್ತೂಲಲ್ಲಿ ಪಳಗಿ, ಆಮೇಲೆ ಕ್ಲಬ್ ಮೂಲಕ ಆ ದಾರಿ ಹಿಡೀಲಿ.

ಈಗ ಆಯ್ಕೆಗೆ ಬರೋಣ. ಏರ್ ಪಿಸ್ತೂಲಲ್ಲೂ ಬಗೆಗಳಿವೆ. ಸ್ಪ್ರಿಂಗ್‌ನದ್ದು ಅಗ್ಗ, ಆದ್ರೆ ಗುಂಡು ನಳಿಗೆ ಬಿಡೋ ಮೊದಲೇ ಕೈಯಲ್ಲಿ ಕುಲುಕುತ್ತೆ. ಸಿನಿಮಾ ಪಿಸ್ತೂಲಿನ ಹಾಗೆ ಕಾಣೋ ಸಿಒ2 ಕ್ಯಾಪ್ಸೂಲಿನದ್ದು ನೋಡೋಕೆ ಚೆಂದ, ಅದರ ಟ್ರಿಗರ್ ಪಂದ್ಯಕ್ಕೆ ಆಗಲ್ಲ. ಒಂದು ಸಲ ಲಿವರ್ ಎಳೆದು ಗಾಳಿ ತುಂಬಿಸಿ ಒಂದು ಗುಂಡು ಹೊಡೆಯೋ ಬಗೆ ಕಲಿಯೋರಿಗೆ ಒಳ್ಳೇದು, ಸಿಲಿಂಡರಿನ ತಲೆನೋವಿಲ್ಲ. ಕೊನೇದು ಪಿಸಿಪಿ, ಅಂದ್ರೆ ಸುಮಾರು 200 ಬಾರ್ ಒತ್ತಡದ ಗಾಳಿ ಸಿಲಿಂಡರ್ ಇರೋದು. ಒಲಿಂಪಿಕ್ಸ್‌ನಲ್ಲಿ ಎಲ್ಲರ ಕೈಯಲ್ಲೂ ಇರೋದು ಇದೇ. ಸ್ಟೇಯರ್, ಮೊರಿನಿ, ವಾಲ್ಥರ್, ಪಾರ್ಡಿನಿ ಅಂತ ಕೇಳಿರ್ತೀರಿ. ಇವುಗಳ ಬೆಲೆ ಹೊಸದಾದ್ರೆ ಲಕ್ಷ ದಾಟುತ್ತೆ.

ಲಕ್ಷ ಕೊಡೋ ಮೊದಲು ಮೂರು ಪರೀಕ್ಷೆ ಮಾಡಿ. ಒಂದು, ಹಿಡಿ. ಕಣ್ಣು ಮುಚ್ಚಿ, ಕೈ ಎತ್ತಿ, ಕಣ್ಣು ತೆರೀರಿ. ಮಣಿಕಟ್ಟು ತಿರುಗಿಸದೆ ಎರಡೂ ಸೈಟು ತಾವಾಗೇ ಸಾಲಾಗಿ ನಿಂತಿದ್ರೆ ಹಿಡಿ ನಿಮ್ಮ ಕೈಯದ್ದು. ಹಿಡಿಗಳು ಅಂಗಿಯ ಹಾಗೆ ಸಣ್ಣ, ಮಧ್ಯಮ, ದೊಡ್ಡ ಅಳತೆಯಲ್ಲಿ ಬರ್ತವೆ, ಎಡಗೈಯವರಿಗೆ ಬೇರೆ. ಎರಡು, ಟ್ರಿಗರ್. ನಿಯಮದ ಪ್ರಕಾರ ಕನಿಷ್ಠ 500 ಗ್ರಾಂ ಎಳೆತ ಇರಬೇಕು. ಪ್ರತಿ ಸಲ ಒಂದೇ ಜಾಗದಲ್ಲಿ, ತಡವರಿಸದೆ ಬಿಡಬೇಕು. ಮೂರು, ತೂಕ. ಮಿತಿ 1,500 ಗ್ರಾಂ, ಹೆಚ್ಚಿನವು ಒಂದು ಕೆಜಿ ಆಸುಪಾಸು. ಒಂದು ಲೀಟರ್ ನೀರಿನ ಬಾಟಲಿಯನ್ನ ಚಾಚಿದ ಕೈಯಲ್ಲಿ ಹಿಡಿದು ನೋಡಿ, ಅರ್ಧ ನಿಮಿಷಕ್ಕೆ ವಿಷಯ ಗೊತ್ತಾಗುತ್ತೆ.

ಸೆಕೆಂಡ್ ಹ್ಯಾಂಡ್ ತಗೊಳ್ಳೋದಾದ್ರೆ ಸಿಲಿಂಡರ್ ಮೇಲಿನ ತಾರೀಕು ನೋಡದೆ ದುಡ್ಡು ಕೊಡಬೇಡಿ. ತಯಾರಕರು ಸಾಮಾನ್ಯವಾಗಿ ಹತ್ತು ವರ್ಷ ಆಯಸ್ಸು ಹೇಳ್ತಾರೆ. ಎಲೆಕ್ಟ್ರಾನಿಕ್ ಟ್ರಿಗರ್ ಬೇಕಾ ಅಂತಾನೂ ಯೋಚಿಸಿ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಪಂದ್ಯದ ಮಧ್ಯೆ ಮನು ಭಾಕರ್ ಅವರ ಪಿಸ್ತೂಲು ಕೆಟ್ಟು, ಅಮೂಲ್ಯ ನಿಮಿಷಗಳು ರಿಪೇರಿಗೇ ಹೋದವು. ಕಳಸದಲ್ಲಿ ಕೂತು ಅಂಥದ್ದನ್ನ ಯಾರ ಹತ್ರ ರಿಪೇರಿ ಮಾಡಿಸ್ತೀರಿ? ಮೊದಲನೆಯದಕ್ಕೆ ಮೆಕ್ಯಾನಿಕಲ್ ಟ್ರಿಗರ್ ಸಾಕು.

ಇನ್ನೊಂದು ನಮ್ಮೂರಿನದ್ದೇ ಸಮಸ್ಯೆ, ಮಳೆಗಾಲ. ಜೂನ್‌ನಿಂದ ಚಪ್ಪಲಿಗೂ ಬೂಷ್ಟು ಹಿಡಿಯೋ ಊರು ನಮ್ಮದು. ಹ್ಯಾಂಡ್ ಪಂಪಿನಲ್ಲಿ ಗಾಳಿ ತುಂಬಿದ್ರೆ ತೇವವೂ ಸಿಲಿಂಡರ್ ಒಳಗೆ ಹೋಗುತ್ತೆ. ತೇವ ಹೀರೋ ಫಿಲ್ಟರ್ ಇರೋ ಪಂಪ್ ತಗೊಳ್ಳಿ. ಪಿಸ್ತೂಲಿನ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಡಿ, ಮರದ ಹಿಡಿಯನ್ನ ಒಣಬಟ್ಟೆಯಲ್ಲಿ ಒರೆಸಿ.

ಎಲ್ಲಿ ಹೊಡೀಬೇಕು ಅನ್ನೋದು ಪಿಸ್ತೂಲಿಗಿಂತ ದೊಡ್ಡ ಪ್ರಶ್ನೆ. ತೋಟದಲ್ಲಿ ಬೇಡವೇ ಬೇಡ. ಕುಯ್ಲಿನ ಹೊತ್ತಲ್ಲಿ ಯಾವ ಗಿಡದ ಮರೆಯಲ್ಲಿ ಯಾರಿದ್ದಾರೆ ಅಂತ ಕಾಣಲ್ಲ. ಹಂದಿ ಅಂತ ತಿಳಿದು ಮನುಷ್ಯನಿಗೆ ಹೊಡೆದ ಸುದ್ದಿ ಮಲೆನಾಡಿಗೆ ಹೊಸದಲ್ಲ. 6 ಜೌಲ್ ಪೆಲೆಟ್ಟೂ ಒಂದು ಕಣ್ಣು ತೆಗೆಯೋಕೆ ಸಾಕು. ಖಾಲಿ ಕಾಫಿ ಗೋಡೌನ್ ಆಗಬಹುದು: ಹಿಂದೆ ಗಟ್ಟಿ ಗೋಡೆ, ಅದರ ಮುಂದೆ ಪೆಲೆಟ್ ಹಿಡಿಯೋ ಕಬ್ಬಿಣದ ಪೆಟ್ಟಿಗೆ, ಒಂದೇ ಬಾಗಿಲು, ಅದಕ್ಕೆ ಒಳಗಿಂದ ಚಿಲಕ, ಕಣ್ಣಿಗೆ ಕನ್ನಡಕ. ಪೆಲೆಟ್ ಸೀಸದ್ದು, ಕೈ ತೊಳೆಯದೆ ಊಟಕ್ಕೆ ಕೂರಬೇಡಿ. ಹೊಡೆದು ಮುಗಿದ ಮೇಲೆ ಪಿಸ್ತೂಲು ಬೀರುವಿನಲ್ಲಿ, ಬೀಗದ ಕೈ ನಿಮ್ಮ ಹತ್ರ. ಮತ್ತೆ ಪಿಕಳಾರ, ಕಾಡುಪಾರಿವಾಳ ಕಂಡ್ರೆ ಕೈ ತುರಿಸೋರಿಗೆ ಒಂದು ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಏರ್‌ಗನ್ನೂ ಒಂದೇ, ಕೋವಿಯೂ ಒಂದೇ. ಅರುಣಾಚಲ ಪ್ರದೇಶದಲ್ಲಿ 2021ರಿಂದ ಜನ ತಾವಾಗೇ ಏರ್‌ಗನ್ ಒಪ್ಪಿಸೋ ಅಭಿಯಾನ ನಡೆದದ್ದು ಹಕ್ಕಿಗಳು ಉಳೀಲಿ ಅಂತಾನೇ.

ಹಾಗಾಗಿ ನನ್ನ ಸಲಹೆ ಇಷ್ಟು. ಈ ತಿಂಗಳು ಏನೂ ಕೊಳ್ಳಬೇಡಿ. ಬೆಂಗಳೂರಲ್ಲಿ ಓದ್ತಿರೋರು, ಕೆಲಸಕ್ಕಿರೋರು ಅಲ್ಲೇ ಒಂದು ರೇಂಜಿಗೆ ಸೇರಿ, ಹತ್ತು ದಿನ ಕ್ಲಬ್ಬಿನ ಪಿಸ್ತೂಲಲ್ಲಿ ಹೊಡೀರಿ. ಊರಲ್ಲಿರೋರು ರಜೆಯಲ್ಲಿ ಹೋಗಿ ಬನ್ನಿ. ಮನೆಗೆ ಬಂದ ಮೇಲೆ ದಿನಾ ಹದಿನೈದು ನಿಮಿಷ ನೀರಿನ ಬಾಟಲಿ ಹಿಡಿದು ಬಿಳಿ ಗೋಡೆ ಮುಂದೆ ನಿಲ್ಲಿ. ಒಂದು ತಿಂಗಳಾದ್ಮೇಲೂ ಬೇಜಾರು ಬರಲಿಲ್ಲ ಅಂದ್ರೆ ಅಪ್ಪ ಅಮ್ಮನ ಹತ್ರ ದುಡ್ಡಿನ ಮಾತು ತೆಗೀರಿ. ಬಾಟಲಿ ಹಿಡಿದು ಬೇಜಾರಾದವರಿಗೆ ಪಿಸ್ತೂಲು ಹಿಡಿದ್ರೂ ಬೇಜಾರೇ, ಲಕ್ಷ ರೂಪಾಯಿ ಉಳೀತು ಅಂದ್ಕೊಳ್ಳಿ.

ಪ್ರಶ್ನೆ ಇದ್ರೆ ಕಳಿಸಿ.