ಕವಿಶೈಲದ ಕಲ್ಲುಬಾಗಿಲು

ಅಮೆರಿಕದ ಯೂಟಾ ಮರುಭೂಮಿಯಲ್ಲಿ ಮರಳುಗಲ್ಲಿನ ಕಮಾನುಗಳಿವೆ, ನೀರು ಮತ್ತು ಹಿಮ ಯುಗಯುಗ ಕೊರೆದು ಮಾಡಿದವು. ಅವನ್ನು ನೋಡಲು ಜನ ಬಿಸಿಲಲ್ಲೇ ಬೆಟ್ಟ ಹತ್ತುತ್ತಾರೆ. ನಮ್ಮ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿರುವ ಕಲ್ಲುಬಾಗಿಲುಗಳನ್ನು ನಿಲ್ಲಿಸಿದ್ದು ಮನುಷ್ಯರು: ಎರಡು ನೆಟ್ಟ ಬಂಡೆ, ಮೇಲೊಂದು ಅಡ್ಡಬಂಡೆ. ಅವುಗಳ ಬುಡದ ಹಾಸುಬಂಡೆ ಮಾತ್ರ ಕಾಡಿನದೇ. ಕುವೆಂಪು ಹತ್ತಿ ಕೂತು, ಕವಿಶೈಲವೆಂದು ಕರೆದ ಬಂಡೆ ಅದು. 1994ರ ನವೆಂಬರಿನಲ್ಲಿ ಅವರ ಅಂತ್ಯಸಂಸ್ಕಾರ ನಡೆದದ್ದೂ ಅಲ್ಲೇ.

ಬಗ್ಗಿ ನೋಡಿದರೆ ಬಂಡೆಯ ಮೇಲೆ ಕೆತ್ತಿದ ಹೆಸರುಗಳು ಕಾಣುತ್ತವೆ: ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ, ಕುವೆಂಪು. ಎಂಥ ಭಾಗ್ಯ ನೋಡಿ! ಇಬ್ಬರು ಮೇಷ್ಟ್ರುಗಳು ಶಿಷ್ಯ ಕುವೆಂಪುವಿನ ಊರಿಗೆ ಬಂದು, ಅವನು ಕೂರುವ ಕಲ್ಲಿನ ಮೇಲೆ ತಾವೂ ಕೂತ ಗುರುತು ಅದು. ಆ ವೆಂಕಣ್ಣಯ್ಯನವರಿಗೇ ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಅರ್ಪಿಸಿದರು. ಪ್ರವಾಸಿ ತಾಣಗಳ ಕಲ್ಲುಗಳ ಮೇಲೆಲ್ಲ ತಮ್ಮ ಹೆಸರು ಗೀಚಿ ಹೋಗುವವರನ್ನು ಕಂಡಾಗ ನನಗೆ ಸಂಕಟವಾಗುವುದು ಇದಕ್ಕೇ. ಕವಿಶೈಲದ ಈ ಮೂರು ಹೆಸರುಗಳ ಹಿಂದೆ ಒಂದು ಒಡನಾಟವಿತ್ತು.

ಮಕ್ಕಳನ್ನು ಕರೆದುಕೊಂಡು ಹೋಗಿ. ಗಾಡಿ ಕೆಳಗೇ ನಿಲ್ಲಿಸಿ, ಕುವೆಂಪು ಅವರ ಕವಿಮನೆ ನೋಡಿಕೊಂಡು, ನಡೆದೇ ಹತ್ತಿ.